ದೋಷ ಹುಡುಕುವ ಸುಖ

ಕೆಟ್ಟುನಿಂತ ಡೆಸ್ಕ್‌ಟಾಪ್ ಕಂಪ್ಯೂಟರಿನ ದೋಷವನ್ನು ಪತ್ತೆಹಚ್ಚುವುದನ್ನು ದುರಸ್ತಿಯ ಮೊದಲ ಹಂತವೆಂದಷ್ಟೇ ಎಣಿಸುವ ರೂಢಿಯಿದ್ದರೂ, ಅದರಲ್ಲಿ ನುರಿತವರ ಪಾಲಿಗೆ ಅದೇ ಇಡೀ ಕೆಲಸದ ತಿರುಳು. ಬಿಡಿಭಾಗವನ್ನು ಬದಲಿಸುವುದು ಸ್ಕ್ರೂಡ್ರೈವರ್ ಹಿಡಿಯಬಲ್ಲ ಯಾರಿಗಾದರೂ ಸಾಧ್ಯ, ಆದರೆ ಯಾವ ಭಾಗವನ್ನು ಬದಲಿಸಬೇಕೆಂದು ತಿಳಿಯುವುದರಲ್ಲಿ ವಿದ್ಯೆಯೂ ಇದೆ, ಸುಖವೂ ಇದೆ. ಮುಂಬೈಯಲ್ಲಿ ಈ ವಿದ್ಯೆ ಹೊಸದಲ್ಲ. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1960ರಲ್ಲಿ ಕೆಲಸಕ್ಕಿಳಿದ ಟಿಫ್ರ್ಯಾಕ್ ಎಂಬ ಸ್ವದೇಶಿ ಗಣಕಯಂತ್ರದಲ್ಲಿ ಸುಮಾರು 2,700 ನಿರ್ವಾತ ನಳಿಕೆಗಳು, ಅಂದರೆ ವಾಲ್ವ್‌ಗಳು, ಇದ್ದವು; ಬಿಸಿಯಾಗಿ ಸವೆಯುವುದು ವಾಲ್ವಿನ ಸ್ವಭಾವವೇ ಆದ್ದರಿಂದ, ಅಂಥ ಯಂತ್ರವನ್ನು ನಡೆಸುವುದೆಂದರೆ ದೋಷವನ್ನು ಹುಡುಕುತ್ತಲೇ ಇರುವುದೆಂದು ಅರ್ಥ. ಆ ವಿದ್ಯೆಯ ಇಂದಿನ ಪೇಟೆ ಗ್ರಾಂಟ್ ರೋಡ್ ನಿಲ್ದಾಣದ ಪೂರ್ವಕ್ಕಿರುವ ಲ್ಯಾಮಿಂಗ್ಟನ್ ರಸ್ತೆ. ಅಧಿಕೃತ ಕಾಗದಗಳಲ್ಲಿ ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗವಾಗಿರುವ ಈ ಬೀದಿ, ಬಿಡಿಭಾಗ ಬೇಕಾದವರ ಬಾಯಲ್ಲಿ ಇಂದಿಗೂ ಹಳೆಯ ಹೆಸರಿನಲ್ಲೇ ಉಳಿದಿದೆ.

ಗುಂಡಿಯನ್ನು ಒತ್ತಿದ ಕೂಡಲೇ ಕಂಪ್ಯೂಟರು ತನ್ನನ್ನು ತಾನೇ ಒಂದು ಕ್ರಮದಲ್ಲಿ ಪರೀಕ್ಷಿಸಿಕೊಳ್ಳುತ್ತದೆ. ‘ಪೋಸ್ಟ್’ ಎಂದು ಕರೆಯಲಾಗುವ ಈ ಸ್ವಪರೀಕ್ಷೆಯಲ್ಲಿ ಪ್ರೊಸೆಸರ್, ತಾತ್ಕಾಲಿಕ ಸ್ಮೃತಿಯಾದ ರ್‍ಯಾಮ್, ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡ್ ಇವೆಲ್ಲ ಹಾಜರಿವೆಯೇ ಎಂಬುದು ನಿರ್ಧಾರವಾಗುತ್ತದೆ. ಪರದೆಯೇ ಬೆಳಗದ ಸ್ಥಿತಿಯಲ್ಲಿ ಯಂತ್ರಕ್ಕೆ ಉಳಿಯುವ ಭಾಷೆ ಮದರ್‌ಬೋರ್ಡಿನ ಪುಟ್ಟ ಸ್ಪೀಕರಿನಿಂದ ಹೊರಡುವ ಬೀಪ್ ಸದ್ದು ಮಾತ್ರ. ಈ ಪರೀಕ್ಷೆಯನ್ನು ನಡೆಸುವ ತಂತ್ರಾಂಶವಾಗಿ ಅವಾರ್ಡ್ ಬಯಾಸ್ ಇರುವ ಹಳೆಯ ಬೋರ್ಡುಗಳಲ್ಲಿ ಒಂದು ದೀರ್ಘ, ಎರಡು ಹ್ರಸ್ವ ಬೀಪ್‌ಗಳು ಕೇಳಿದರೆ ತೊಂದರೆ ಗ್ರಾಫಿಕ್ಸ್ ಕಾರ್ಡಿನಲ್ಲಿದೆಯೆಂದು ತಿಳಿಯಬೇಕು. ಪಳಗಿದ ಕಿವಿಯು ಛಂದಸ್ಸಿನ ಗುರುಲಘುಗಳನ್ನು ಗುರುತಿಸುವಂತೆ ಈ ವಿನ್ಯಾಸಗಳನ್ನು ಗುರುತಿಸುತ್ತದೆ. ಫ್ಯಾನ್ ತಿರುಗುತ್ತಿದ್ದೂ ಬೀಪ್ ಬಾರದಿದ್ದರೆ ಆ ಮೌನವೂ ಒಂದು ಸಾಕ್ಷ್ಯವೇ: ಪರೀಕ್ಷೆಯು ಆರಂಭದಲ್ಲೇ ನಿಂತಿರಬೇಕು, ಇಲ್ಲವೇ ಆ ಬೋರ್ಡಿಗೆ ಸ್ಪೀಕರನ್ನೇ ಜೋಡಿಸಿರಲಿಕ್ಕಿಲ್ಲ.

ಹುಡುಕಾಟ ವಿದ್ಯುತ್ತಿನಿಂದ ಮೊದಲಾಗುವುದು ವಾಡಿಕೆ, ಏಕೆಂದರೆ ಉಳಿದೆಲ್ಲ ಭಾಗಗಳೂ ಅದನ್ನೇ ಅವಲಂಬಿಸಿವೆ. ಎಸ್‌ಎಂಪಿಎಸ್ ಎಂಬ ಪೆಟ್ಟಿಗೆಯು ಗೋಡೆಯ 230 ವೋಲ್ಟ್‌ಗಳನ್ನು 12, 5 ಮತ್ತು 3.3 ವೋಲ್ಟ್‌ಗಳ ನೇರ ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ಈ ಅಳತೆಗಳು ಶೇ. 5ರಷ್ಟು ಹೆಚ್ಚುಕಡಿಮೆಯಾಗಲು ಅವಕಾಶವಿರುವುದರಿಂದ, 12 ವೋಲ್ಟ್‌ನ ಹಳದಿ ತಂತಿಯಲ್ಲಿ ಮಲ್ಟಿಮೀಟರು 11.4ಕ್ಕಿಂತ ಕಡಿಮೆ ತೋರಿಸಿದರೆ ಅನುಮಾನ ಪಡಲು ಕಾರಣವುಂಟು. ಅಳೆಯಬೇಕಾದದ್ದು ಯಂತ್ರ ಕೆಲಸ ಮಾಡುತ್ತಿರುವಾಗ; ಹೊರೆಯಿಲ್ಲದಾಗ ಸರಿಯಾಗಿ ಕಾಣುವ ಪೆಟ್ಟಿಗೆಯು ಹೊರೆ ಬಿದ್ದೊಡನೆ ಕುಸಿಯಬಹುದು, ಮತ್ತು ಕಾರಣವಿಲ್ಲದೆ ಮರುಚಾಲನೆಗೊಳ್ಳುವ ಎಷ್ಟೋ ಯಂತ್ರಗಳ ಗುಟ್ಟು ಇದೇ ಆಗಿರುತ್ತದೆ. ಆದರೆ ಪೆಟ್ಟಿಗೆಯ ಒಳಗನ್ನು ಬಿಚ್ಚಬಾರದು: ಅಲ್ಲಿನ ದೊಡ್ಡ ಕೆಪಾಸಿಟರುಗಳು ಪ್ಲಗ್ ಕಿತ್ತ ಮೇಲೂ 300 ವೋಲ್ಟ್‌ಗಳಿಗೂ ಮೀರಿದ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಲ್ಲವು. ಮದರ್‌ಬೋರ್ಡಿನ ಮೇಲಿನ ಸಣ್ಣ ಕೆಪಾಸಿಟರುಗಳಾದರೋ ಬರಿಗಣ್ಣಿಗೇ ರೋಗವನ್ನು ಹೇಳುತ್ತವೆ; ಈ ಶತಮಾನದ ಆರಂಭದಲ್ಲಿ ಕಳಪೆ ದ್ರಾವಣ ತುಂಬಿದ ಕೆಪಾಸಿಟರುಗಳು ಜಗತ್ತಿನೆಲ್ಲೆಡೆ ಬೋರ್ಡುಗಳನ್ನು ಕೆಡಿಸಿದಾಗ, ಅವುಗಳ ಉಬ್ಬಿದ ತಲೆಯೇ ಗುರುತಾಗಿತ್ತು.

ಮುಂಬೈಯ ಹವೆಗೆ ಅದರದೇ ಆದ ದೋಷಗಳಿವೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ತೇವಾಂಶವು ಶೇ. 80ನ್ನು ದಾಟುವುದು ಇಲ್ಲಿ ಸಾಮಾನ್ಯ. ಕಡಲ ಗಾಳಿಯ ಉಪ್ಪು, ಕಟ್ಟಡ ಕಾಮಗಾರಿಯ ಧೂಳು ಅದರೊಡನೆ ಕೂಡಿ ಲೋಹದ ಸಂಪರ್ಕಗಳ ಮೇಲೆ ತೆಳುವಾದ ಪದರವಾಗಿ ಕೂರುತ್ತವೆ. ಮಳೆಗಾಲದಲ್ಲಿ ‘ಡಿಸ್‌ಪ್ಲೇ ಬರುತ್ತಿಲ್ಲ’ ಎಂಬ ದೂರಿಗೆ ರ್‍ಯಾಮ್ ಪಟ್ಟಿಯನ್ನು ಕಿತ್ತು, ಅದರ ಅಂಚನ್ನು ಒರೆಸಿ, ಮತ್ತೆ ಒತ್ತಿ ಕೂರಿಸುವುದೇ ಮೊದಲ ಮದ್ದಾಗಿರುವುದು ಈ ಕಾರಣದಿಂದ. ಪೆನ್ಸಿಲ್ ರಬ್ಬರಿನಿಂದ ಉಜ್ಜುವ ಪದ್ಧತಿ ವ್ಯಾಪಕವಾಗಿದ್ದರೂ, ಚಿನ್ನದ ಲೇಪ ಬಹಳ ತೆಳುವಾದದ್ದರಿಂದ ಕೈ ಹಗುರವಾಗಿರಬೇಕು. ಐಸೋಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಬಟ್ಟೆ ಅದಕ್ಕಿಂತ ಸುರಕ್ಷಿತ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ದಾಖಲಾದಂಥ ಪ್ರಳಯದಲ್ಲಿ ನೆನೆದ ಯಂತ್ರಕ್ಕೂ ಒಂದು ನಿಯಮವುಂಟು: ಕೊಳೆನೀರಿಗಿಂತ, ಆ ನೀರಿನ ಮೂಲಕ ಹರಿಯುವ ವಿದ್ಯುತ್ತು ತಾಮ್ರದ ಗೆರೆಗಳನ್ನು ಬೇಗ ತಿನ್ನುವುದರಿಂದ, ತೊಳೆದು ಪೂರ್ತಿ ಒಣಗಿಸುವ ಮೊದಲು ಅದನ್ನು ಚಾಲೂ ಮಾಡಲೇಬಾರದು.

ದೋಷವೂ ಅದರ ಲಕ್ಷಣವೂ ಒಂದರಿಂದೊಂದು ದೂರವಿದ್ದಷ್ಟೂ ಹುಡುಕಾಟದ ರುಚಿ ಹೆಚ್ಚುತ್ತದೆ. ‘ಇಂಟರ್ನೆಟ್ ಇದೆ, ಆದರೆ ಬ್ಯಾಂಕಿನ ಪುಟ ತೆರೆಯುತ್ತಿಲ್ಲ’ ಎಂಬ ದೂರಿನ ಮೂಲವು ಮದರ್‌ಬೋರ್ಡಿನಲ್ಲಿರುವ ನಾಣ್ಯದಾಕಾರದ ಒಂದು ಬ್ಯಾಟರಿಯಾಗಿರುವುದುಂಟು. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪವಿರುವುದರಿಂದಲೇ ಸಿಆರ್2032 ಎನಿಸಿಕೊಂಡ ಈ 3 ವೋಲ್ಟ್‌ನ ಬ್ಯಾಟರಿ, ಯಂತ್ರ ಆರಿರುವಾಗಲೂ ಅದರ ಗಡಿಯಾರವನ್ನು ನಡೆಸುತ್ತಿರುತ್ತದೆ. ಅದು ಸತ್ತರೆ ದಿನಾಂಕವು ಹಲವು ವರ್ಷ ಹಿಂದಕ್ಕೆ ಜಾರುತ್ತದೆ, ದಿನಾಂಕ ಜಾರಿದಾಗ ಜಾಲತಾಣಗಳ ಭದ್ರತಾ ಪ್ರಮಾಣಪತ್ರಗಳು ಇನ್ನೂ ಜಾರಿಗೇ ಬಂದಿಲ್ಲವೆಂದು ಬ್ರೌಸರ್ ಭಾವಿಸುತ್ತದೆ, ಮತ್ತು ಪುಟವನ್ನು ತಡೆಹಿಡಿಯುತ್ತದೆ. ಕೇಬಲ್ಲು, ರೂಟರುಗಳನ್ನೆಲ್ಲ ಬಿಟ್ಟು ಪರದೆಯ ಮೂಲೆಯಲ್ಲಿರುವ ತಾರೀಖನ್ನು ಮೊದಲು ನೋಡುವ ಕಣ್ಣು ಈ ಕಲೆಯ ನಿಜವಾದ ಸಂಪಾದನೆ.

ಕಾಲವೂ ಸಾಕ್ಷಿ ಹೇಳುತ್ತದೆ. ಚಾಲೂ ಆದ ಸ್ವಲ್ಪ ಹೊತ್ತಿಗೆ ನಿಧಾನವಾಗಿ, ಬಳಿಕ ಆರಿಹೋಗುವ ಯಂತ್ರವು ಶಾಖದಿಂದ ಬಳಲುತ್ತಿರುವ ಸಂಭವ ಹೆಚ್ಚು. ಧೂಳು ಕಟ್ಟಿದ ಫ್ಯಾನ್ ಅಥವಾ ಒಣಗಿದ ಥರ್ಮಲ್ ಪೇಸ್ಟ್ ಶಾಖವನ್ನು ಹೊರಹೋಗಗೊಡದಿದ್ದಾಗ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಇದಕ್ಕೆ ವಿರುದ್ಧವಾಗಿ, ಬೆಳಿಗ್ಗೆ ಏಳದೆ ಕೊಂಚ ಬಿಸಿಯಾದ ಮೇಲೆ ಮಾತ್ರ ಏಳುವ ಯಂತ್ರದಲ್ಲಿ ದಣಿದ ಕೆಪಾಸಿಟರನ್ನೋ ಬಿರುಕುಬಿಟ್ಟ ಬೆಸುಗೆಯನ್ನೋ ಶಂಕಿಸಬೇಕು. ಹಾರ್ಡ್ ಡಿಸ್ಕ್ ಲಯಬದ್ಧವಾಗಿ ಟಕ್ಕುಟಕ್ಕೆನ್ನುವುದು ಕೇಳಿದರೆ ಮಾತ್ರ ಕುತೂಹಲವನ್ನು ಬದಿಗಿಡುವುದು ಧರ್ಮ: ಅಲ್ಲಿ ಕಾರಣವನ್ನು ಹುಡುಕುತ್ತ ಕೂರುವ ಪ್ರತಿ ನಿಮಿಷವೂ ಒಂದು ಮನೆಯ ಫೋಟೊಗಳನ್ನು, ಒಂದು ಅಂಗಡಿಯ ಲೆಕ್ಕಪತ್ರಗಳನ್ನು ಅಪಾಯಕ್ಕೊಡ್ಡುವುದರಿಂದ, ಯಂತ್ರವನ್ನು ಆರಿಸಿ ಮಾಹಿತಿಯನ್ನು ಉಳಿಸುವ ದಾರಿಯನ್ನೇ ಮೊದಲು ನೋಡಬೇಕು.

ಇವೆಲ್ಲಕ್ಕೂ ಆಧಾರವಾದ ಶಿಸ್ತು ಒಂದೇ: ಒಮ್ಮೆಗೆ ಒಂದನ್ನು ಮಾತ್ರ ಬದಲಿಸುವುದು. ಬೋರ್ಡು, ಪ್ರೊಸೆಸರ್, ಒಂದು ರ್‍ಯಾಮ್ ಪಟ್ಟಿ, ವಿದ್ಯುತ್ತು ಇಷ್ಟನ್ನೇ ಉಳಿಸಿ ಮಿಕ್ಕದ್ದನ್ನು ಕಳಚಿಟ್ಟು, ಬಳಿಕ ಒಂದೊಂದಾಗಿ ಸೇರಿಸುತ್ತ ಬಂದರೆ, ದೋಷವು ಮರುಕಳಿಸುವ ಹೆಜ್ಜೆಯಲ್ಲೇ ಅಪರಾಧಿ ಸಿಗುತ್ತದೆ. ಕಿತ್ತು ಕೂರಿಸುವಾಗ ಏನೋ ಕೂಡಿಬಂದು ತಾನಾಗಿ ಚಾಲೂ ಆದ ಯಂತ್ರವನ್ನು ಸರಿಹೋಯಿತೆಂದು ಮನೆಗೆ ಕಳಿಸುವುದು ಸುಲಭವಾದರೂ, ಈ ಕಲೆಯನ್ನು ಪ್ರೀತಿಸುವವರು ಅಲ್ಲಿಗೆ ನಿಲ್ಲುವುದಿಲ್ಲ. ಶಂಕಿತ ಭಾಗವನ್ನು ಮತ್ತೆ ಜೋಡಿಸಿ, ಹೋದ ದೋಷವನ್ನು ಬೇಕೆಂದೇ ಕರೆತಂದು, ಅದು ಬಂತೆಂದು ಖಚಿತವಾದ ಬಳಿಕವೇ ಹೊಸ ಭಾಗವನ್ನು ಶಾಶ್ವತವಾಗಿ ಕೂರಿಸುತ್ತಾರೆ. ಹೀಗೆ ಕರೆದಾಗ ಬರುವ, ತೆಗೆದಾಗ ಹೋಗುವ ದೋಷವನ್ನು ಮಾತ್ರ ಪತ್ತೆಯಾದ ದೋಷವೆನ್ನಬಹುದು.