ಕಾರ್ಡ್ ಇಟ್ಕೊಳ್ಳೋದಾ, ಬಿಡೋದಾ?

ಬೆಂಗಳೂರು ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ ನೋಡಿದ್ದೀರಾ? ತಲೆ ಎತ್ತಿದರೆ ಬಿದಿರಿನ ಚಾವಣಿ, ಅಲ್ಲಲ್ಲಿ ತೂಗುವ ಗಿಡಗಳು, ನೀರಿನ ಸದ್ದು. ದೇವನಹಳ್ಳಿವರೆಗಿನ ಟ್ರಾಫಿಕ್ಕೇ ಮರೆತು ಹೋಗುತ್ತೆ. ನಮ್ಮತ್ತೆಗೆ ಮಾತ್ರ ಅಲ್ಲಿನ ಲಾಂಜಿನ ಮೆತ್ತನೆ ಕುರ್ಚಿ, ಬಿಸಿ ಉಪ್ಪಿಟ್ಟೇ ಸ್ವರ್ಗ. ಮಂಡಿನೋವು ಅವರಿಗೆ. ದೆಹಲಿಯಲ್ಲಿರೋ ಮೊಮ್ಮಗಳನ್ನು ನೋಡಲು ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿ ಕಳೆಯೋದು ಇನ್ನಾಗಲ್ಲ.

ಅದಕ್ಕೇ ವಿಮಾನ ಕಂಪನಿಯೊಂದರ ಹೆಸರಿನ ಕ್ರೆಡಿಟ್ ಕಾರ್ಡ್ ಮಾಡಿಸಿದ್ದು. ವರ್ಷಕ್ಕೆ 3,000 ರೂಪಾಯಿ ಶುಲ್ಕ, ಮೇಲೆ 18% ಜಿಎಸ್‌ಟಿ, ಒಟ್ಟು 3,540. ಬದಲಿಗೆ ಒಂದು ‘ಉಚಿತ’ ಟಿಕೆಟ್. ಉಚಿತ ಅಂದರೆ ಮೂಲ ದರ ಮಾತ್ರ. ತೆರಿಗೆ, ನಿಲ್ದಾಣದ ಶುಲ್ಕ ನಾವೇ ಕೊಡಬೇಕು. ಅದೂ ಒಬ್ಬರಿಗೆ, ಒಂದೇ ಕಡೆಗೆ. ದೀಪಾವಳಿಗೆ ಹುಡುಕಿದರೆ ಆ ಟಿಕೆಟ್‌ಗೆ ಸೀಟೇ ಇರಲ್ಲ! ಲಾಂಜಿಗೂ ಈಗ ಷರತ್ತು, ಹಿಂದಿನ ಮೂರು ತಿಂಗಳು ಇಂತಿಷ್ಟು ಖರ್ಚು ಮಾಡಿರಬೇಕು. ಉಪ್ಪಿಟ್ಟಿಗೋಸ್ಕರ ಸೀರೆ ಕೊಳ್ಳೋ ಹಾಗಾಯ್ತು.

ಒಂದೇ ಕಂಪನಿಗೆ ಗಂಟು ಬೀಳೋದೂ ಯೋಚಿಸಬೇಕಾದ್ದೇ. ವಿಸ್ತಾರಾ 2024ರ ನವೆಂಬರ್ 12ಕ್ಕೆ ಏರ್ ಇಂಡಿಯಾದೊಳಗೆ ಸೇರಿಹೋಯಿತಲ್ಲ, ಅದರ ಕಾರ್ಡ್ ಇದ್ದವರ ಲೆಕ್ಕವೆಲ್ಲ ತಲೆಕೆಳಗು.

ಅತ್ತೆಗೆ ನಿಜವಾಗಿ ಬೇಕಾದ್ದು ಗಾಲಿಕುರ್ಚಿ. ನಡೆಯಲಾಗದವರಿಗೆ ಅದಕ್ಕೆ ಯಾವ ಕಾರ್ಡೂ ಬೇಡ, ದುಡ್ಡೂ ಬೇಡ. ಟಿಕೆಟ್ ತೆಗೆಯುವಾಗಲೇ ಹೇಳಿದರೆ ಸಾಕು.

ನಮ್ಮನೆಯವರು “ಇರಲಿ ಬಿಡೇ” ಅಂತಾರೆ. ನಾನು ಈ ವರ್ಷದ ಟಿಕೆಟ್ಟನ್ನು ಫೆಬ್ರವರಿಗೆ ಅತ್ತೆ ಹೆಸರಲ್ಲಿ ತೆಗೆದಾಯ್ತು. ಬಂದಮೇಲೆ, ಮುಂದಿನ ಶುಲ್ಕ ಬೀಳೋ ಮೊದಲೇ, ಕಾರ್ಡ್ ಮುಚ್ಚಿಸಲು ಬ್ಯಾಂಕಿಗೆ ಫೋನು.