ಮೂರು ಹೊಳೆ ದಾಟಿ ಗೆಳೆಯನ ಮನೆಗೆ



ಬಿಎಸ್ಸಿ ಓದುವಾಗ ನಮ್ಮ ಜೊತೆಗಿದ್ದ ಅಕ್ಕಲಕೋಟದ ಗೆಳೆಯ ನಿಮ್ಮಲ್ಲಿ ಹಲವರಿಗೆ ಗೊತ್ತು. ನಮ್ಮ ಚರ್ಚಿನವನಲ್ಲದಿದ್ದರೂ ಕ್ರಿಸ್ಮಸ್ ಗೋದಲಿ ಕಟ್ಟಲು ಎಲ್ಲರಿಗಿಂತ ಮೊದಲು ಬರುತ್ತಿದ್ದವನು ಅವನೇ. ತಂದೆಗೆ ಹುಷಾರಿಲ್ಲವೆಂದು ಊರಿಗೆ ಮರಳಿ, ಈಗ ಸೊಲ್ಲಾಪುರದಲ್ಲಿ ಕೆಲಸಕ್ಕಿದ್ದಾನೆ. ಕಳೆದ ತಿಂಗಳು ನಾಲ್ಕು ದಿನ ರಜೆ ಸಿಕ್ಕಾಗ ನಾವು ನಾಲ್ವರು ಬೆಂಗಳೂರಿನಿಂದ ಕಾರಿನಲ್ಲಿ ಹೊರಟೆವು.

ದಾರಿ 600 ಕಿ.ಮೀ.ಗೂ ಹೆಚ್ಚು. ಹೊಸಪೇಟೆ ಬಳಿ ತುಂಗಭದ್ರೆ, ಆಲಮಟ್ಟಿ ಬಳಿ ಕೃಷ್ಣೆ, ವಿಜಯಪುರ ದಾಟಿದ ಮೇಲೆ ಧೂಳಖೇಡದಲ್ಲಿ ಭೀಮೆ. ಭೀಮೆಯ ಸೇತುವೆಯಾಚೆ ಮಹಾರಾಷ್ಟ್ರ. ಬೋರ್ಡುಗಳೆಲ್ಲ ಮರಾಠಿಗೆ ತಿರುಗಿದವು. ಆದರೆ ಚಹಾ ಅಂಗಡಿಯವರು ಕೇಳಿದ್ದು, "ಯಾವೂರ್ರೀ ನಿಮ್ದು?"

ಅಕ್ಕಲಕೋಟ ಮೊದಲು ಒಂದು ಸಣ್ಣ ಸಂಸ್ಥಾನ. 1956ರಲ್ಲಿ ರಾಜ್ಯಗಳನ್ನು ವಿಂಗಡಿಸಿದಾಗ ವಿಜಯಪುರ ಮೈಸೂರು ರಾಜ್ಯಕ್ಕೆ ಬಂತು, ಅಕ್ಕಲಕೋಟ ಮುಂಬಯಿ ರಾಜ್ಯದಲ್ಲೇ ಉಳಿಯಿತು. ಮನೆಮಾತು ಮಾತ್ರ ಇಂದಿಗೂ ಎಷ್ಟೋ ಮನೆಗಳಲ್ಲಿ ಕನ್ನಡವೇ.

ಫೋನಿನಲ್ಲಿ ತಂದೆಯ ಬಗ್ಗೆ ಕೇಳಿದಾಗಲೆಲ್ಲ ಗೆಳೆಯ "ಆರಾಮ ಅದಾರ" ಎನ್ನುತ್ತಿದ್ದ. ಹೋಗಿ ಪಕ್ಕದಲ್ಲಿ ಕೂತಾಗಲೇ ತಿಳಿದದ್ದು, ಸಕ್ಕರೆ ಕಾಯಿಲೆಯಿಂದ ಕಾಕಾ ಅವರ ಕಣ್ಣು ಪೂರ್ತಿ ಮಂಜಾಗಿದೆ. ಅವರು ಕನ್ನಡ ಶಾಲೆಯ ನಿವೃತ್ತ ಮಾಸ್ತರು. ಊಟಕ್ಕೆ ಕಡಕ್ ಭಕ್ರಿ, ಶೇಂಗಾ ಚಟ್ನಿ ಬಡಿಸುವಾಗ ಅವರು ಅಂದ ಮಾತು ಇದು: "ಎಷ್ಟೋ ಹುಡುಗ್ರಿಗೆ ಓದಾಕ ಕಲಿಸೀನಿ. ಈಗ ನನಗ ಪೇಪರ್ ಓದಿ ಹೇಳವ್ರು ಮನ್ಯಾಗ ಯಾರೂ ಇಲ್ಲ."

ಗೆಳೆಯ ಮನೆ ಸೇರುವುದು ರಾತ್ರಿ. ಅವನ ಅಣ್ಣ ಪುಣೆಯಲ್ಲಿ. ಅತ್ತಿಗೆ ಕಲಿತದ್ದು ಮರಾಠಿ ಶಾಲೆಯಲ್ಲಿ. ಮುಂದೆ ಕಾಲೇಜು, ನೌಕರಿಗೆ ಅನುಕೂಲವೆಂದು ನಾಲ್ಕನೇ ತರಗತಿಯ ಮಗಳನ್ನೂ ಮರಾಠಿ ಶಾಲೆಗೇ ಹಾಕಿದ್ದಾರೆ. ಮನೆ ತುಂಬ ಕನ್ನಡ ಮಾತು, ಹಗಲಲ್ಲಿ ಕನ್ನಡ ಅಕ್ಷರ ಬಲ್ಲವರು ಒಬ್ಬರೂ ಇಲ್ಲ.

ಮರುದಿನ ಪೇಪರ್ ಓದಲು ಕೂತೆವು. ಹುಡುಗಿ ಬಂದು ಇಣುಕಿದಳು. ಅವಳ ನೋಟ್‌ಬುಕ್ಕಿನಲ್ಲಿ ಮರಾಠಿ ಅಕ್ಷರಗಳ ಎದುರು ಕನ್ನಡ ಅಕ್ಷರ ಬರೆದುಕೊಟ್ಟೆವು. ಎರಡರಲ್ಲೂ ಕ, ಖ, ಗ, ಘ ಅದೇ ಸಾಲು, ಅದೇ ಉಚ್ಚಾರ. ಮಾತು ಮೊದಲೇ ಬಾಯಲ್ಲಿದೆ, ಕಲಿಯಬೇಕಾದ್ದು ಆಕಾರ ಮಾತ್ರ. ಮರಾಠಿಯಲ್ಲಿ ಎ–ಏ, ಒ–ಓ ಎಂಬ ಬೇರೆ ಬೇರೆ ಅಕ್ಷರಗಳಿಲ್ಲ, ಅಲ್ಲಿ ತಡವರಿಸಿದಳು. ಒತ್ತಕ್ಷರ ಬಂದಾಗ ಅತ್ತೇಬಿಟ್ಟಳು. ಕಾಕಾ ಕಣ್ಣು ಮುಚ್ಚಿಕೊಂಡೇ ತಿದ್ದುತ್ತಿದ್ದರು. ಅವರೇ ಅವಳಿಗೆ ಸೊಲ್ಲಾಪುರದ ಜಯದೇವಿ ತಾಯಿ ಲಿಗಾಡೆಯವರ ಕತೆ ಹೇಳಿದರು: ಓದಿದ್ದು ಮರಾಠಿಯಲ್ಲಿ, ಕನ್ನಡ ಕಲಿತದ್ದು ಸ್ವಂತ ಪ್ರಯತ್ನದಿಂದ. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷರಾದರು. ಹುಡುಗಿ ಕಣ್ಣೊರೆಸಿಕೊಂಡು ಮತ್ತೆ ಕೂತಳು. ಎರಡನೇ ದಿನ ಸಂಜೆ ಒಂದು ಹೆಡ್‌ಲೈನ್ ಪೂರ್ತಿ ಓದಿದಳು. ಕಾಕಾ "ಇನ್ನೊಮ್ಮೆ ಓದವ್ವಾ" ಅಂದರು.

ಈಗ ದಿನಾ ನಾಲ್ಕು ಸಾಲು ಓದುತ್ತಾಳಂತೆ, ಅದಕ್ಕೇ ಅರ್ಧ ಗಂಟೆ ಬೇಕಂತೆ. ಅಜ್ಜನಿಗೆ ಅವಸರವಿಲ್ಲ.

ಮಿತ್ರರೇ, "ಆರಾಮ" ಎಂಬ ಮಾತಿನ ಹಿಂದೆ ಏನಿದೆ ಎಂಬುದು ಫೋನಿನಲ್ಲಿ ಕೇಳಿಸುವುದಿಲ್ಲ. ದೂರ ಹೋದ ಗೆಳೆಯರಿದ್ದರೆ ಒಮ್ಮೆ ಹೋಗಿ ಬನ್ನಿ, ಅವರ ಮನೆಯ ಹಿರಿಯರ ಪಕ್ಕ ಕೂತು ಬನ್ನಿ. ಮೇ ರಜೆಯಲ್ಲಿ ನಾವು ಮತ್ತೆ ಅಕ್ಕಲಕೋಟಕ್ಕೆ ಹೋಗುತ್ತಿದ್ದೇವೆ. ಕಾರಿನಲ್ಲಿ ಒಂದು ಸೀಟು ಖಾಲಿ ಇದೆ. ಒಂದನೇ, ಎರಡನೇ ತರಗತಿಯ ಹಳೆಯ ಕನ್ನಡ ಪುಸ್ತಕಗಳು ಮನೆಯಲ್ಲಿದ್ದರೆ ಭಾನುವಾರ ತಂದುಕೊಡಿ.