ಕಿಲೋ ಲೆಕ್ಕದ ಕೇಕು: ಯರಗಟ್ಟಿಯ ಬೇಕರಿಗಳು ಕಂಡ ಬದಲಾವಣೆ

ಯರಗಟ್ಟಿಯಲ್ಲಿ ಸಿಹಿಯನ್ನು ಕಿಲೋ ಲೆಕ್ಕದಲ್ಲಿ ಕೊಳ್ಳುವ ರೂಢಿ ಕೇಕಿಗಿಂತ ಬಹಳ ಹಳೆಯದು. ಬೆಳಗಾವಿ–ಬಾಗಲಕೋಟೆ ಹಾದಿಯೂ ಸವದತ್ತಿ–ಗೋಕಾಕ ಹಾದಿಯೂ ಕೂಡುವ ಈ ಊರಿಗೆ, ಅದು ಸವದತ್ತಿಯಿಂದ ಬೇರ್ಪಟ್ಟು ಸ್ವತಂತ್ರ ತಾಲೂಕು ಕೇಂದ್ರವಾಗುವ ಎಷ್ಟೋ ಮೊದಲೇ, ಬೆಳಗಾವಿಯ ಕುಂದಾ, ಗೋಕಾಕದ ಕರದಂಟು, ಧಾರವಾಡದ ಪೇಡೆ ಮೂರೂ ಬಸ್ಸಿನ ಹಾದಿಯಲ್ಲೇ ಬಂದು ಸೇರುತ್ತಿದ್ದವು. ಇವೆಲ್ಲ ತಕ್ಕಡಿಯಲ್ಲಿ ತೂಗಿ ಕಟ್ಟಿಕೊಡುವ ಪದಾರ್ಥಗಳಾಗಿದ್ದು, ಇವುಗಳ ಬೆಲೆಯಲ್ಲಿ ಹಾಲು, ಸಕ್ಕರೆ, ಬೆಲ್ಲ, ಒಣಹಣ್ಣುಗಳ ಪಾಲು ಎಷ್ಟೆಂಬುದು ಕೊಳ್ಳುವವರಿಗೂ ಅಂದಾಜಿತ್ತು. ಮುಂದೆ ಬಂದ ಕೇಕು ಇದೇ ತಕ್ಕಡಿಯನ್ನು ಏರಿತು. ಹೇಳಿ ಮಾಡಿಸುವ ಕೇಕಿನ ಬೆಲೆಯ ಬಗ್ಗೆ ಗಿರಾಕಿಗೂ ಬೇಕರಿಯವರಿಗೂ ಇಂದಿಗೂ ನಡೆಯುವ ಜಗ್ಗಾಟದ ಮೂಲವನ್ನು ಇಲ್ಲಿಯೇ ಹುಡುಕಬೇಕಾಗುತ್ತದೆ, ಏಕೆಂದರೆ ಅಂಥ ಕೇಕಿನಲ್ಲಿ ತಕ್ಕಡಿಗೆ ಸಿಗದ ಖರ್ಚುಗಳೇ ಹೆಚ್ಚು.

ಈ ಭಾಗದಲ್ಲಿ ಮಗುವಿನ ಸುತ್ತ ನಡೆಯುವ ಸಮಾರಂಭಗಳಿಗೆ ಕೊರತೆ ಇರಲಿಲ್ಲ. ಬಸುರಿಗೆ ಮಾಡುವ ಕುಬುಸ, ಮಗುವನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ಕಾರ್ಯ, ಮೊದಲ ಕೂದಲು ತೆಗೆಸುವ ಜಾವಳ ಇವೆಲ್ಲಕ್ಕೂ ಗೋಧಿ ಹುಗ್ಗಿ, ಹೋಳಿಗೆ, ಮಾದಲಿಗಳು ಗೊತ್ತಾಗಿದ್ದವು. ಹುಟ್ಟಿದ ದಿನವು ಮಾತ್ರ ಬಹುತೇಕ ಮನೆಗಳಲ್ಲಿ ಒಂದು ಆರತಿಯಲ್ಲಿ ಮುಗಿಯುತ್ತಿತ್ತು; ಹೆಚ್ಚೆಂದರೆ ಶಾಲೆಯಲ್ಲಿ ಚಾಕಲೇಟು ಹಂಚುವುದಿತ್ತು. ಆ ಕಾಲವನ್ನು ಕಂಡ ಊರಿನ ಹಿರಿಯರ ನೆನಪಿನಲ್ಲಿ ಕೇಕೆಂದರೆ ಚಹಾದ ಜೊತೆ ತಿನ್ನುವ ಒಣ ತುಂಡು, ಕಾಗದದ ಬಟ್ಟಲಿನಲ್ಲಿ ಬೆಂದ ಕಪ್ ಕೇಕು. ಮೇಣಬತ್ತಿ ಊದಿ ಕತ್ತರಿಸುವ ಕೇಕು ಸಿನಿಮಾದಲ್ಲಿ ಕಾಣುವ ವಸ್ತು.

ಉತ್ತರ ಕರ್ನಾಟಕದ ಪಟ್ಟಣಗಳಿಗೆ ಕೇಕನ್ನು ತಲುಪಿಸಿದ್ದು ಮುಖ್ಯವಾಗಿ ‘ಬೆಂಗಳೂರು ಅಯ್ಯಂಗಾರ್ ಬೇಕರಿ’ ಎಂಬ ಫಲಕದ ಅಂಗಡಿಗಳು. ಈ ಪರಂಪರೆಯ ಮೊದಲ ಅಂಗಡಿಯನ್ನು ತಿರುಮಲಾಚಾರ್ ಎಂಬುವರು 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ತೆರೆದರೆಂದು ಹೇಳಲಾಗುತ್ತದೆ. ಆಮೇಲೆ ಹಾಸನದ ಕಡೆಯ ಕುಟುಂಬಗಳು ಈ ಕಸುಬನ್ನು ಊರಿಂದೂರಿಗೆ ಒಯ್ದವು. ಫಲಕದಲ್ಲಿ ಅಯ್ಯಂಗಾರ್ ಎಂದಿದ್ದರೂ ಒಲೆಯ ಮುಂದೆ ನಿಂತವರು ಅದೇ ಸಮುದಾಯದವರಾಗಿರಬೇಕೆಂಬ ನಿಯಮವೇನೂ ಉಳಿಯಲಿಲ್ಲ. ಮೊಟ್ಟೆ ಸೇರದ ತಿನಿಸು ಸಿಗುತ್ತದೆ ಎಂಬ ನಂಬಿಕೆಯನ್ನು ಆ ಹೆಸರು ತಂದುಕೊಡುತ್ತಿತ್ತು, ಮತ್ತು ಲಿಂಗಾಯತ ಮನೆಗಳು ಹೆಚ್ಚಿರುವ ಈ ಸೀಮೆಯಲ್ಲಿ ಆ ನಂಬಿಕೆಯೇ ದೊಡ್ಡ ಬಂಡವಾಳವಾಗಿತ್ತು.

ಆ ಅಂಗಡಿಗಳ ಗಾಜಿನ ಕಪಾಟಿನಲ್ಲಿ ಕುಳಿತಿರುತ್ತಿದ್ದುದು ಬಟರ್ ಕ್ರೀಮ್ ಕೇಕು. ಹೆಸರಿನಲ್ಲಿ ಬೆಣ್ಣೆ ಇದ್ದರೂ ಹೆಚ್ಚಿನ ಕಡೆ ವನಸ್ಪತಿಯನ್ನು, ಅಂದರೆ ಗಟ್ಟಿಗೊಳಿಸಿದ ಸಸ್ಯಜನ್ಯ ಕೊಬ್ಬನ್ನು, ಬೀಸಿದ ಸಕ್ಕರೆಯೊಂದಿಗೆ ಬಿಳಿಯಾಗುವವರೆಗೆ ನಾದಿ ಈ ಕ್ರೀಮು ಮಾಡಲಾಗುತ್ತಿತ್ತು. ಅದರ ಮೇಲೆ ಗುಲಾಬಿ ಬಣ್ಣದ ಹೂ, ಅದಕ್ಕೆರಡು ಹಸಿರು ಎಲೆ, ಅಂಚಿಗೆ ಬಳ್ಳಿ. ಫ್ರಿಜ್ ಇಲ್ಲದೆಯೂ ಅದು ಒಂದೆರಡು ದಿನ ತಾಳುತ್ತಿತ್ತು, ಮತ್ತು ಒಳಗೆ ಗಾಳಿ ಕಡಿಮೆ ಇದ್ದುದರಿಂದ ಭಾರವಾಗಿರುತ್ತಿತ್ತು. ಎಲ್ಲ ಕೇಕುಗಳೂ ಹೆಚ್ಚುಕಡಿಮೆ ಒಂದೇ ಅಚ್ಚಿನವಾಗಿದ್ದು, ಬಂದವರು ಕಪಾಟಿನಿಂದ ಒಂದನ್ನು ತೋರಿಸಿ ಒಯ್ಯುತ್ತಿದ್ದರು. ಆ ಹಂತದಲ್ಲಿ ಕಿಲೋ ದರವು ಕೊಡುವವರಿಗೂ ಕೊಳ್ಳುವವರಿಗೂ ನ್ಯಾಯವಾದ ಅಳತೆಯಾಗಿತ್ತೆಂದು ಹೇಳಲು ಅಡ್ಡಿಯಿಲ್ಲ.

ಈ ಲೆಕ್ಕವನ್ನು ಕೆಡಿಸಿದ್ದು ಕೇಕಿನ ಮೇಲೆ ಬರೆಯುವ ಹೆಸರು, ಅಂದರೆ ಒಬ್ಬರಿಗೆಂದೇ ಹೇಳಿ ಮಾಡಿಸುವ ರೂಢಿ. ಭಾರತದ ಮೊದಲ ಕ್ರಿಸ್ಮಸ್ ಕೇಕೆಂದು ಪ್ರಸಿದ್ಧವಾದುದು ಕೂಡ ಹೇಳಿ ಮಾಡಿಸಿದ ಕೇಕೇ ಆಗಿತ್ತು: 1883ರಲ್ಲಿ ತಲಶ್ಶೇರಿಯ ಬೇಕರಿಗಾರ ಮಾಂಬಳ್ಳಿ ಬಾಪು ಅವರಿಗೆ ಅಲ್ಲಿನ ತೋಟಗಾರ ಮುರ್ಡಾಕ್ ಬ್ರೌನ್ ಇಂಗ್ಲೆಂಡಿನಿಂದ ತಂದ ಒಂದು ಕೇಕನ್ನು ಮಾದರಿಯಾಗಿ ಕೊಟ್ಟು ಅಂಥದ್ದೇ ಬೇಕೆಂದರೆಂಬುದು ಕೇರಳದಲ್ಲಿ ಪ್ರಚಲಿತವಿರುವ ವೃತ್ತಾಂತ. ಇಂದು ಯರಗಟ್ಟಿಯಲ್ಲಿ ಮೊಬೈಲಿನ ಚಿತ್ರ ತೋರಿಸಿ ‘ಹಿಂಗs ಬೇಕ್ರಿ’ ಎನ್ನುವ ಗಿರಾಕಿ ಮಾಡುವುದೂ ಅದನ್ನೇ. ಹೀಗೆ ಒಬ್ಬರಿಗಾಗಿಯೇ ಮಾಡಿದ ಕೇಕನ್ನು ಇನ್ನೊಬ್ಬರಿಗೆ ಮಾರಲು ಬರುವುದಿಲ್ಲ. ಡಿಸೆಂಬರ್ 31ರ ಸಂಜೆ ಬೇಕರಿಗಳ ಮುಂದೆ ಶಾಮಿಯಾನ ಹಾಕಿ, ಮೇಜುಗಳ ಮೇಲೆ ಸಾಲಾಗಿ ಜೋಡಿಸುವ ‘ಹ್ಯಾಪಿ ನ್ಯೂ ಇಯರ್’ ಕೇಕುಗಳಲ್ಲಿ ಒಂದನ್ನು ಒಬ್ಬರು ಬಿಟ್ಟರೆ ಇನ್ನೊಬ್ಬರು ಒಯ್ಯುತ್ತಾರೆ. ಹೆಸರೂ ವಯಸ್ಸೂ ಬರೆದ ಕೇಕನ್ನು ಒಯ್ಯಲು ಗಿರಾಕಿ ಬಾರದಿದ್ದರೆ ಕ್ರೀಮು ಕೆರೆದು ಬೇರೆ ಹೆಸರು ಬರೆಯುವುದಷ್ಟೇ ದಾರಿ, ಅದೂ ಅಂದೇ ಸಂಜೆಯೊಳಗೆ. ಪೇಡೆಯ ಅಂಗಡಿಯಲ್ಲಿ ಬಿಡಿ ಗಿರಾಕಿಗೆ ಗೊತ್ತೇ ಇಲ್ಲದಿದ್ದ ಅಡ್ವಾನ್ಸ್, ಅಂದರೆ ಮುಂಗಡ ಹಣ, ಬೇಕರಿಯಲ್ಲಿ ಕಡ್ಡಾಯವಾದದ್ದು ಈ ನಷ್ಟದ ಭಯದಿಂದ.

ಎರಡನೆಯ ಪಲ್ಲಟವನ್ನು ತಂದದ್ದು ಜನ ‘ಕೂಲ್ ಕೇಕ್’ ಎನ್ನುವ ವಿಪ್ಪಿಂಗ್ ಕ್ರೀಮಿನ ಕೇಕು. ಈ ಕ್ರೀಮು ಸಾಮಾನ್ಯವಾಗಿ ಹಾಲಿನದಲ್ಲ; ತಾಳೆಬೀಜದ ಎಣ್ಣೆಯಂಥ ಕೊಬ್ಬು, ಸಕ್ಕರೆ, ನೀರು ಸೇರಿ ತಯಾರಾಗಿ, ಹೆಪ್ಪುಗಟ್ಟಿದ ಸ್ಥಿತಿಯಲ್ಲಿ ಡಬ್ಬಿಯಲ್ಲಿ ಬರುತ್ತದೆ. ಅದನ್ನು ಶೂನ್ಯಕ್ಕಿಂತ 18 ಡಿಗ್ರಿ ಸೆಲ್ಸಿಯಸ್‌ ಕೆಳಗೆ ಇಟ್ಟು, ಬೇಕಾದಾಗ ಫ್ರಿಜ್‌ನಲ್ಲಿ ಕರಗಿಸಿ, ತಂಪಾಗಿರುವಾಗಲೇ ಯಂತ್ರದಲ್ಲಿ ಕಡೆಯಬೇಕು. ಆಗ ಗಾಳಿ ಹಿಡಿದು ಎರಡು ಮೂರು ಪಟ್ಟು ಉಬ್ಬುತ್ತದೆ. ಆದ್ದರಿಂದ ಬಟರ್ ಕ್ರೀಮಿನ ಒಂದು ಕಿಲೋ ಕೇಕಿಗಿಂತ ಇದರ ಒಂದು ಕಿಲೋ ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ. ಸಕ್ಕರೆಯೊಂದನ್ನು ಬಿಟ್ಟರೆ (ಮುನವಳ್ಳಿಯ ಕಾರ್ಖಾನೆ ಪಕ್ಕದಲ್ಲೇ ಇದೆ) ಕ್ರೀಮು, ಮೊಟ್ಟೆರಹಿತ ಕೇಕಿನ ಸಿದ್ಧಹಿಟ್ಟಾದ ಪ್ರೀಮಿಕ್ಸ್, ಬಣ್ಣ, ರಟ್ಟಿನ ಡಬ್ಬಿ ಎಲ್ಲವೂ ದೊಡ್ಡ ಊರುಗಳಿಂದ ಬರಬೇಕು. ಡೀಪ್ ಫ್ರೀಜರ್ ಹಗಲೂ ರಾತ್ರಿ ಓಡಬೇಕು. ಏಪ್ರಿಲ್–ಮೇ ತಿಂಗಳ ಬಿಸಿಲಿನಲ್ಲಿ, ಮದುವೆಯ ಹಂಗಾಮೂ ಅದೇ ಆಗಿರುವಾಗ, ಕರೆಂಟು ಹೋದರೆ ಇನ್ವರ್ಟರ್ ಇರಲೇಬೇಕು. ಇಷ್ಟೆಲ್ಲ ಸೇರಿದ ಬಳಿಕವೂ ಬೇಕರಿಯ ಗೋಡೆಯ ಮೇಲಿನ ದರಪಟ್ಟಿ ಅರ್ಧ ಕಿಲೋ, ಒಂದು ಕಿಲೋ ಎಂದೇ ಹೇಳುತ್ತ ಬಂದಿದೆ.

ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಈ ಪಟ್ಟಿಯ ಕೊರತೆ ತಿಳಿಯುತ್ತದೆ. ಬೆಂದ ಕೇಕು ಪೂರ್ತಿ ಆರಿದ ಮೇಲೆ ಅದನ್ನು ತಿರುಗುವ ಮಣೆಯ ಮೇಲಿಟ್ಟು, ಉದ್ದನೆಯ ಗರಗಸದಂಚಿನ ಚಾಕುವಿನಿಂದ ಅಡ್ಡಲಾಗಿ ಮೂರು ಬಿಲ್ಲೆ ಮಾಡಿ, ಒಂದೊಂದಕ್ಕೂ ಸಕ್ಕರೆ ನೀರು ಚಿಮುಕಿಸಿ, ಕ್ರೀಮು ಹಚ್ಚಿ ಒಂದರ ಮೇಲೊಂದು ಕೂಡಿಸುತ್ತಾರೆ. ಮೊದಲು ಪುಡಿ ಏಳದಂತೆ ತೆಳುವಾಗಿ ಬಳಿದು ತಂಪಿಗಿಟ್ಟು, ಆಮೇಲೆ ಎಡಗೈಯಿಂದ ಮಣೆ ತಿರುಗಿಸುತ್ತ ಬಲಗೈಯ ಪಟ್ಟಿಯಿಂದ ಅಂಚನ್ನು ಸಮ ಮಾಡುತ್ತಾರೆ. ಕೊನೆಗೆ ಕೋನಿನ, ಅಂದರೆ ತುದಿ ಕತ್ತರಿಸಿದ ಕಾಗದದ ಶಂಕುವಿನ, ಮೂಲಕ ಹೆಸರು ಬರೆಯುವಾಗ ಉಸಿರು ಬಿಗಿ ಹಿಡಿಯುವವರೇ ಹೆಚ್ಚು, ಏಕೆಂದರೆ ಒಂದು ಅಕ್ಷರ ತಪ್ಪಿದರೆ ಮೇಲ್ಮೈಯನ್ನೇ ಹೊಸದಾಗಿ ಮಾಡಬೇಕು. ಈ ಎಲ್ಲ ಕೆಲಸಕ್ಕೆ ಒಂದು ಕಿಲೋ ಕೇಕಿನಲ್ಲಿ ಹಿಡಿಯುವ ಹೊತ್ತೇ ಅರ್ಧ ಕಿಲೋದಲ್ಲೂ ಹೆಚ್ಚುಕಡಿಮೆ ಹಿಡಿಯುತ್ತದೆ. ಡಬ್ಬಿ, ಮೇಣಬತ್ತಿ, ಪ್ಲಾಸ್ಟಿಕ್ ಚಾಕುಗಳಂತೂ ಎರಡಕ್ಕೂ ಒಂದೊಂದು. ಆದರೆ ಬೆಲೆ ಅರ್ಧಕ್ಕೆ ಇಳಿದಿರುತ್ತದೆ. ಗೊಂಬೆ, ಕಾರು, ಟ್ರ್ಯಾಕ್ಟರುಗಳ ಆಕಾರವನ್ನು ಇಂತಿಷ್ಟು ಕಿಲೋಗಿಂತ ಕಡಿಮೆಯಾದರೆ ಮಾಡಿಕೊಡುವುದಿಲ್ಲ ಎಂದು ಬೇಕರಿಯವರು ಹೇಳುವುದು ಸೊಕ್ಕಿನಿಂದಲ್ಲ, ಈ ನಷ್ಟವನ್ನು ತೂಕದ ಭಾಷೆಯಲ್ಲೇ ತುಂಬಿಕೊಳ್ಳಲು. ಅಂಥ ಆಕಾರಗಳಿಗೆ ಬಳಸುವ ಫಾಂಡೆಂಟ್ ಎಂಬುದು ಲಾಟಿಸಿ ಹೊದಿಸುವ ಸಕ್ಕರೆಯ ಕಣಕ; ಅದು ತುಂಬ ಭಾರ, ತಕ್ಕಡಿಯಲ್ಲಿ ಕೇಕಿನ ದರದಲ್ಲೇ ತೂಗುತ್ತದೆ, ಮತ್ತು ಬಹಳ ಮಕ್ಕಳು ಅದನ್ನು ಸುಲಿದು ಬದಿಗಿಡುತ್ತಾರೆ.

2020ರ ಲಾಕ್‌ಡೌನ್ ಕಾಲದಲ್ಲಿ ಬೇಕರಿಗಳು ಮುಚ್ಚಿದಾಗ ಕುಕ್ಕರಿನಲ್ಲಿ ಕೇಕು ಬೇಯಿಸಲು ಯೂಟ್ಯೂಬ್ ನೋಡಿ ಕಲಿತವರು ಊರೂರಿಗೂ ಹುಟ್ಟಿಕೊಂಡರು. ಅವರಲ್ಲಿ ಕೆಲವು ಗೃಹಿಣಿಯರು ಅದನ್ನೇ ಕಸುಬಾಗಿ ಮುಂದುವರಿಸಿದರು. 2011ರ ಆಹಾರ ಸುರಕ್ಷತಾ ನಿಯಮಗಳು ವಾರ್ಷಿಕ 12 ಲಕ್ಷ ರೂಪಾಯಿವರೆಗಿನ ವಹಿವಾಟಿಗೆ 100 ರೂಪಾಯಿ ಶುಲ್ಕದ ಸರಳ ನೋಂದಣಿಯನ್ನು ಇಟ್ಟಿದ್ದುದರಿಂದ ಕಾನೂನಿನ ಅಡ್ಡಿ ದೊಡ್ಡದಾಗಿರಲಿಲ್ಲ. ಇವರು ಬಾಡಿಗೆಯನ್ನೂ ಸ್ವಂತ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯದೆ ದರ ಹೇಳಿದಾಗ ಬೇಕರಿಗಳೂ ಅದೇ ಮಟ್ಟದಲ್ಲಿ ನಿಲ್ಲಬೇಕಾಯಿತು. ಮನೆಯಲ್ಲಿ ದುಡಿಯುವ ಹೆಂಗಸರು ತಮ್ಮ ಹೊತ್ತಿಗೆ ಬೆಲೆ ಕಟ್ಟದಿರುವುದು ಕೇಕಿನಿಂದ ಶುರುವಾದದ್ದಲ್ಲ ಎಂಬುದನ್ನು ಇಲ್ಲಿ ನೆನೆಯಬಹುದು.

ತೀರ ಈಚಿನ ವರ್ಷಗಳ ಘಟನೆಗಳು ಹೊರಗಿನಿಂದ ಬಂದವು. 2024ರಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಪರೀಕ್ಷಿಸಿದ 235 ಕೇಕು ಮಾದರಿಗಳ ಪೈಕಿ 12ರಲ್ಲಿ ಅಪಾಯಕಾರಿ ಕೃತಕ ಬಣ್ಣಗಳು ಕಂಡುಬಂದು, ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್ ಮೊದಲಾದವುಗಳ ಬಗ್ಗೆ ಎಚ್ಚರಿಕೆ ನೀಡಿದ ಮೇಲೆ ಗಾಢ ಬಣ್ಣ ಬೇಡವೆನ್ನುವ ಗಿರಾಕಿಗಳು ಕಾಣಿಸಿಕೊಂಡರು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಆಧಾರದಲ್ಲಿ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಾಗ ರಾಜ್ಯದ ಬೇಕರಿಯವರು ಪ್ರತಿಭಟನೆಗಿಳಿದರು. ಅದೇ ವರ್ಷ ಸೆಪ್ಟೆಂಬರ್ 22ರಿಂದ ಕೇಕಿನ ಮೇಲಿನ ಜಿಎಸ್‌ಟಿ ಶೇ. 18ರಿಂದ ಶೇ. 5ಕ್ಕೆ ಇಳಿಯಿತು, 500 ರೂಪಾಯಿ ಮೂಲ ಬೆಲೆಯ ಕೇಕಿಗೆ 90 ರೂಪಾಯಿ ಇದ್ದ ತೆರಿಗೆ 25ಕ್ಕೆ ಬಂದಿತು. ಆದರೆ ಈ ಉಳಿತಾಯ ಕಾಣುವುದು ಬಿಲ್ಲಿನಲ್ಲಿ ತೆರಿಗೆ ತೋರಿಸುವ ದೊಡ್ಡ ಮಳಿಗೆಗಳಲ್ಲಿ. ಜಿಎಸ್‌ಟಿ ನೋಂದಣಿಯ ಮಿತಿಯೊಳಗಿನ ಅಂಗಡಿಗಳೂ, ಒಟ್ಟು ವಹಿವಾಟಿನ ಮೇಲೆ ಅಲ್ಪ ತೆರಿಗೆಯನ್ನು ಕೈಯಿಂದಲೇ ತೆರುವ ರಾಜಿ ಪದ್ಧತಿಯವರೂ ಗಿರಾಕಿಯಿಂದ ತೆರಿಗೆ ವಸೂಲು ಮಾಡುವಂತಿಲ್ಲವಾದ್ದರಿಂದ, ಸಣ್ಣ ಊರಿನ ಬೇಕರಿಗಳಲ್ಲಿ ಇಳಿಸಲು ತೆರಿಗೆಯೇ ಇರಲಿಲ್ಲ. ತಕ್ಕಡಿಗೆ ಸಿಗದ ಕೆಲಸಗಳ ಪೈಕಿ ಫೋಟೊ ಕೇಕಿಗೆ, ಅಂದರೆ ತಿನ್ನಬಹುದಾದ ಶಾಯಿಯಲ್ಲಿ ಸಕ್ಕರೆ ಹಾಳೆಯ ಮೇಲೆ ಚಿತ್ರ ಅಚ್ಚು ಮಾಡಿ ಅಂಟಿಸುವುದಕ್ಕೆ, ಮತ್ತು ಗೊಂಬೆಗಳಿಗೆ ಬೇರೆ ಹಣ ಕೇಳುವುದು ಈಗ ನಡೆದುಬಂದಿದೆ. ಹೆಸರು ಬರೆದುಕೊಡುವ ಕೆಲಸ ಮಾತ್ರ ಕಿಲೋ ದರದೊಳಗೇ ಸೇರಿದೆ.